ಕಸ್ತೂರೆವ್ವ ಬನ್ನಿ ಗಿಡದ ಕೆಳಗೆ ಹೇಳಿದ ಕಥೆ

ಯರಗುಪ್ಪಿಯ ನಮ್ಮ ಓಣಿಯಲ್ಲಿ ಕುಬುಸ ಹೊಲಿಯುವವಳೆಂದರೆ ಕಸ್ತೂರೆವ್ವ. ಸಣ್ಣವಳಿದ್ದಾಗ ಜ್ವರ ಬಂದು ಅವಳ ಎಡಗಾಲು ಸೊರಗಿತ್ತು. ಕುಂದಗೋಳದ ಕಾಲೇಜಿಗೆ ಒಂದು ವರ್ಷ ಹೋದಳು. ಬಸ್ಸು ಹತ್ತುವಾಗ ಎಲ್ಲರೂ ತಿರುಗಿ ನೋಡುವುದು ಸಾಕಾಗಿ ಬಿಟ್ಟಳು. ಮದುವೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಕುಬುಸದ ಅಳತೆ ಕತ್ತರಿಸಲು ಅವಳಿಗೆ ಕಾಗದ ಬೇಕಾಗುತ್ತಿತ್ತು. ಅಣ್ಣ ಕುಬೇರಪ್ಪ ಹುಬ್ಬಳ್ಳಿಯಿಂದ ರದ್ದಿಯ ಕಟ್ಟು ತಂದುಕೊಡುತ್ತಿದ್ದ. ಒಮ್ಮೆ ಆ ಕಟ್ಟಿನಲ್ಲಿ ರಟ್ಟು ಹರಿದ ಒಂದು ಇಂಗ್ಲಿಷ್ ಕಾದಂಬರಿ ಬಂತು. ಕತ್ತರಿ ಹಿಡಿದವಳು ಮೊದಲ ಪುಟ ಓದಿದಳು, ಕತ್ತರಿ ಕೆಳಗಿಟ್ಟಳು. ಒಂದೊಂದೇ ಶಬ್ದದ ಅರ್ಥ ಹುಡುಕುತ್ತ, ಒಂದು ಹಿಂಗಾರಿಯಿಂದ ಇನ್ನೊಂದು ಹಿಂಗಾರಿಯವರೆಗೆ ಅದನ್ನು ಓದಿದಳು. ಹಳೆಯ ಕಾಲದಲ್ಲಿ ಇಂಗ್ಲಿಷರ ನಾಡಿನಲ್ಲಿ ಓಕ್ ಗಿಡಗಳನ್ನು ಪೂಜಿಸುವ ಡ್ರೂಯಿಡ್ ಎಂಬ ಪುರೋಹಿತರಿದ್ದರಂತೆ. ಅವರಲ್ಲಿ ಒಬ್ಬ ತರುಣ, ಅವನನ್ನು ಪ್ರೀತಿಸಿದ ಒಬ್ಬ ಗೌಡನ ಮಗಳು. ಮುಗಿದ ದಿನ ಕಸ್ತೂರೆವ್ವ ಅಡಿಗೆ ಮಾಡಲಿಲ್ಲ. ಕುಬೇರಪ್ಪ ಹೊಟ್ಟೆನೋವೆಂದು ತಿಳಿದು ಓಂಕಾಳು ಕುದಿಸಿಕೊಟ್ಟ.

ನಮ್ಮಲ್ಲಿ ನವರಾತ್ರಿಯ ಒಂಬತ್ತು ದಿನವೂ ಹೊತ್ತು ಹುಟ್ಟುವ ಮೊದಲು ಹೆಂಗಸರು ಊರ ಹೊರಗಿನ ಬನ್ನಿ ಗಿಡಕ್ಕೆ ಹೋಗುತ್ತಾರೆ. ಸುತ್ತು ಹಾಕಿ, ಜೋಳದ ಕಾಳು ಮುಷ್ಟಿಯಲ್ಲಿ ಹಿಡಿದು ಕಥೆ ಕೇಳುತ್ತಾರೆ. ಕೊನೆಯ ದಿನ ಕಥೆ ಮುಗಿಯಬೇಕು. ಆಗ ಹಿರಿಯಳು 'ಅವರಿಗೆ ಒದಗಿದಂಗ ನಮಗೂ ಒದಗಲಿ' ಅನ್ನುತ್ತಾಳೆ, ಉಳಿದವರು 'ಒದಗಲಿ' ಎಂದು ಕಾಳನ್ನು ಬುಡಕ್ಕೆ ಹಾಕುತ್ತಾರೆ. ಕಥೆ ಹೇಳುತ್ತಿದ್ದ ರೇವವ್ವ ತೀರಿಕೊಂಡ ವರ್ಷ ಹೇಳುವವರು ಯಾರೂ ಉಳಿಯಲಿಲ್ಲ. ಓದಿದವಳೆಂದು ಕಸ್ತೂರೆವ್ವನನ್ನು ಕರೆದರು. ಇಂಥದಕ್ಕೆಲ್ಲ ಅವಳನ್ನು ಯಾರೂ ಎಂದೂ ಕರೆದಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಕಥೆ.

"ಓಕ್ ಅಂದ್ರ ಯಾವ ಗಿಡಾನ?" ಮೊದಲ ದಿನವೇ ಸುಶೀಲವ್ವ ಕೇಳಿದಳು.

"ಅವರ ಬನ್ನಿ ಅಂತ ತಿಳ್ಕೊ."

"ಹಂಗಾದ್ರ ಅಂವ ಗಿಡದ ಅಯ್ಯಾ. ಹೆಸರೇನವಾ ಅವಂದು?"

"ಕೆರನ್."

"ಕಾಲಾಗಿನ ಕೆರಾನ? ಹೆಸರಿಡೂ ದಿನ ಅವರವ್ವ ಎಲ್ಲಿ ಹೋಗಿದ್ಲ ಬೇ?"

ಕತ್ತಲೆಯಲ್ಲಿ ನಗು ಹಬ್ಬಿತು. ಮರುದಿನದಿಂದ ಎಲ್ಲರಿಗೂ ಅವನು ಗಿಡದಯ್ಯನೇ ಆದ. ಅವನು ಹುಡುಗಿಗೆ ಹಕ್ಕಿಗಳ ಮಾತು ಕಲಿಸಿದ ದಿನ ಸುಶೀಲವ್ವನೂ ಹಾಸ್ಯ ಮಾಡಲಿಲ್ಲ. ಎಂಟನೆಯ ದಿನ ದಿಬ್ಬವೊಂದು ಬಾಯಿ ತೆರೆಯಿತು. ಒಳಗಿನ ಲೋಕದ ರಾಣಿ ಗಿಡದಯ್ಯನನ್ನು ಕರೆದೊಯ್ದಳು. ಅಲ್ಲಿ ಒಂದು ಹಗಲೆಂದರೆ ಇಲ್ಲಿ ನೂರು ವರ್ಷ. ಹುಡುಗಿ ದಿಬ್ಬದ ಮುಂದೆ ಕಾಯುತ್ತ ಕುಳಿತಳು.

ಅಂದು ಸಂಜೆ ಮಲ್ಲಕ್ಕ ಕಸ್ತೂರೆವ್ವನ ಮನೆಗೆ ಬಂದಳು. ಮಲ್ಲಕ್ಕನ ಗಂಡ ಯಲ್ಲಪ್ಪ ಬಂದರಿನ ಕೂಲಿಗೆಂದು ಗೋವಾಕ್ಕೆ ಹೋದವನು ಮೂರು ವರ್ಷದಿಂದ ಮನೆಗೆ ಒಂದು ಕಾಗದವನ್ನೂ ಬರೆದಿರಲಿಲ್ಲ. ಅವಳು ಅತ್ತೆ ಬಸವಣ್ಣೆವ್ವನ ಜೊತೆ ಇದ್ದಳು. ತವರೂರಾದ ದುಮ್ಮವಾಡದಿಂದ ಅವಳ ತಮ್ಮ ಹಬ್ಬ ಮುಗಿದ ಕೂಡಲೇ ಬಂದು ಅವಳನ್ನು ಕರೆದೊಯ್ದು ಉಡಿಕೆ ಮಾಡಿಸುವವನಿದ್ದ. ಸೀರೆ ಉಡಿಸಿ ಎರಡನೆಯ ಗಂಡನಿಗೆ ಕೊಡುವ ಮದುವೆ ಅದು. ಗಂಡೂ ಗೊತ್ತಾಗಿತ್ತು, ಒಳ್ಳೆಯವನು. ಲಾರಿ ನಡೆಸುವ ಮೀರಾಸಾಬ ವಾಸ್ಕೋದಲ್ಲಿ ಯಲ್ಲಪ್ಪನನ್ನು ಕಂಡದ್ದು, ಅವನ ಪಕ್ಕದಲ್ಲಿ ಒಬ್ಬ ಹೆಂಗಸಿದ್ದದ್ದು ಇಡೀ ಊರಿಗೆ ಗೊತ್ತಿತ್ತು. ಮಲ್ಲಕ್ಕನಿಗೂ ಗೊತ್ತಿತ್ತು.

"ಕಸ್ತೂರಕ್ಕ, ನಾಳಿ ಗಿಡದಯ್ಯ ಹೊರಗ ಬರ್ತಾನಲ್ಲ?"

"ಬರ್ತಾನ. ಆದ್ರ..."

"ಬರ್ತಾನಲ್ಲ, ಸಾಕು. ತಮ್ಮಗ ಒಲ್ಲೆ ಅಂತೀನಿ."

ಅವಳು ಹೋದ ಮೇಲೆ ಕಸ್ತೂರೆವ್ವ ಮಷೀನಿನ ಮುಂದೆ ಕುಳಿತು ಯೋಚಿಸಿದಳು. ಕಥೆಯನ್ನು ತಿರುಗಿಸಿ, ಇಬ್ಬರನ್ನೂ ಕೂಡಿಸಿ ಮುಗಿಸಬಹುದಿತ್ತು. ಹಾಗೆ ಮಾಡಿದರೆ ಮಲ್ಲಕ್ಕ ಬಾಳೆಲ್ಲ ಕಾಯುತ್ತಾಳೆ. ಪುಸ್ತಕದಲ್ಲಿದ್ದಂತೆ ಹೇಳಿದರೆ ಅಳುತ್ತಾಳೆ, ಅತ್ತು ದುಮ್ಮವಾಡಕ್ಕೆ ಹೋಗುತ್ತಾಳೆ. ಹೀಗೆ ಲೆಕ್ಕ ಹಾಕಿ ಅವಳು ಮರುದಿನ ನಸುಕಿನಲ್ಲಿ ಇದ್ದದ್ದನ್ನೇ ಹೇಳಿದಳು.

ಗಿಡದಯ್ಯನಿಗೆ ಒಂದು ದಿನ ಹುಡುಗಿಯ ನೆನಪಾಯಿತು. ರಾಣಿ ಬಿಳಿ ಕುದುರೆ ಕೊಟ್ಟು, "ನೋಡಿ ಬಾ. ಆದರೆ ಕಾಲು ನೆಲಕ್ಕೆ ತಾಗಬಾರದು" ಅಂದಳು. ಬಂದ. ಊರಿರಲಿಲ್ಲ, ಗಿಡವಿರಲಿಲ್ಲ. ಹುಡುಗಿ ಕುಳಿತಿದ್ದ ಕಲ್ಲೊಂದು ಇತ್ತು. ಅದನ್ನು ಮುಟ್ಟಬೇಕೆಂದು ಕುದುರೆಯಿಂದ ಇಳಿದ. ನೆಲ ತಾಗಿದ ಕಾಲು ಬೂದಿಯಾಯಿತು, ಆಮೇಲೆ ಮೈ, ಆಮೇಲೆ ಮುಖ.

ಕಸ್ತೂರೆವ್ವ ನಿಲ್ಲಿಸಿದಳು. ಎಲ್ಲರಿಗಿಂತ ಹಿರಿಯಳು ಮಲ್ಲಕ್ಕನ ಅತ್ತೆ ಬಸವಣ್ಣೆವ್ವ. ನಸುಕಿನ ನಿದ್ದೆ ಅವಳ ಕಣ್ಣಲ್ಲಿತ್ತು. ಮಾತು ನಿಂತಿತೆಂದರೆ ಕಥೆ ಮುಗಿಯಿತು. ಎಷ್ಟೋ ನವರಾತ್ರಿಗಳ ರೂಢಿಯಿಂದ ಅವಳು ಗಟ್ಟಿಯಾಗಿ ಅಂದಳು:

"ಅವರಿಗೆ ಒದಗಿದಂಗ ನಮಗೂ ಒದಗಲಿ."

"ಒದಗಲಿ" ಎಂದು ಎಲ್ಲರ ಬಾಯಿಂದಲೂ ಬಂತು. ಕೈಗಳು ತಾವಾಗಿಯೇ ಬಿಚ್ಚಿದವು, ಕಾಳು ಬುಡಕ್ಕೆ ಬಿತ್ತು. ಮಲ್ಲಕ್ಕನದೂ ಬಿತ್ತು. ಆಮೇಲೆ ಸುಶೀಲವ್ವ "ಅಯ್ಯ ಶಿವನ, ಏನಂದ್ವೇ?" ಎಂದು ತಲೆಯ ಮೇಲೆ ಕೈ ಇಟ್ಟುಕೊಂಡಳು. ಬಿದ್ದ ಕಾಳನ್ನು ಎತ್ತುವ ಪದ್ಧತಿ ಇಲ್ಲ.

ಹೆಂಗಸರು ಕಸ್ತೂರೆವ್ವನ ಬಾಯಿಗೆ ಅಂಜಿದರು. ದೀಪಾವಳಿಯ ಕುಬುಸಗಳು ಬೇರೆಯವರ ಮಷೀನಿಗೆ ಹೋದವು. ಅದನ್ನು ಅವಳು ತಡೆದುಕೊಂಡಳು. ತಡೆದುಕೊಳ್ಳಲಾಗದ್ದು ಮಲ್ಲಕ್ಕನ ಮಾತು. ಅವಳು ತಮ್ಮನನ್ನು ಬರಿಗೈಯಲ್ಲಿ ಕಳಿಸಿ, ಸೀದಾ ಕಸ್ತೂರೆವ್ವನ ಮನೆಗೆ ಬಂದಿದ್ದಳು.

"ಅಂವ ಬರೂದು ಖರೇ ಅಂತಾತು, ಅಕ್ಕ. ಗಿಡದಯ್ಯ ಬಂದಿಲ್ಲೇನು? ಆದ್ರ ಇಳದ್ರ ಬೂದಿ ಆಗ್ತಾನ. ಅತ್ತಿ ಅಂದಾಳ, ನಾನೂ ಕಾಳು ಹಾಕೀನಿ."

"ಮಲ್ಲಿ, ಅದು ಯಾರೋ ಕುಂತು ಬರದ ಸುಳ್ಳವಾ. ರದ್ದಿ ಕಾಗದ ಅದು."

"ಸುಳ್ಳಿದ್ರ ಬನ್ನಿ ಬುಡಕ್ಕ ಯಾಕ ಹೇಳಿದಿ?"

ಕಸ್ತೂರೆವ್ವ ಎದ್ದು ಒಳಗೆ ಹೋದಳು. ಪುಸ್ತಕ ತಂದು ತೋರಿಸಿದಳು. ಮಲ್ಲಕ್ಕ ಅದನ್ನು ಕಣ್ಣಿಗೊತ್ತಿಕೊಂಡಳು.

ಮುಂದಿನ ಬೇಸಿಗೆಯಲ್ಲಿ ಯಲ್ಲಪ್ಪ ಬಂದ. ಸಂಜೆ ಕಾಲೇಜಿನಿಂದ ನಾನು ಬರುತ್ತಿದ್ದ ಬಸ್ಸಿಗೇ ಕುಂದಗೋಳದಲ್ಲಿ ಹತ್ತಿದ. ಕೆನ್ನೆ ಒಳಸೇರಿತ್ತು, ತೊಡೆಯ ಮೇಲೆ ತಗಡಿನ ಟ್ರಂಕಿತ್ತು. "ಅವ್ವ ಅದಾಳಲ್ಲವಾ?" ಎಂದು ನನ್ನನ್ನು ಕೇಳಿದ. ಮಲ್ಲಕ್ಕನ ಹೆಸರು ಬಾಯಿಗೆ ಬಂದು ನಿಂತದ್ದು ಕಂಡಿತು. "ಇಬ್ಬರೂ ಅದಾರ" ಅಂದೆ. ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಕುಳಿತ.

ಬಸ್ಸು ಹಿಟ್ಟಿನ ಗಿರಣಿಯ ಮುಂದೆ ನಿಲ್ಲುತ್ತದೆ. ಗಿರಣಿಯಲ್ಲಿ ಮಲ್ಲಕ್ಕ ಜೋಳ ಬೀಸಿಸುತ್ತಿದ್ದಳು. ಯಲ್ಲಪ್ಪ ಬಸ್ಸಿನ ಮೆಟ್ಟಿಲಿಗೆ ಬಂದದ್ದನ್ನು ಕಂಡು, ಹಿಟ್ಟು ಮೆತ್ತಿದ ಕೈಯಲ್ಲಿಯೇ ಓಡಿ ಬಂದಳು.

"ಇಳೀಬ್ಯಾಡ!"

"ಮಲ್ಲಿ, ನಾನು. ಯಲ್ಲಪ್ಪ."

"ಗೊತ್ತೈತಿ. ಕಾಲು ಇಡಬ್ಯಾಡ. ನಿನಗ ಕೈ ಮುಗೀತೀನಿ, ತಿರುಗಿ ಹೋಗು."

"ತಪ್ಪಾಗೈತಿ ನಂದು. ಆಕಿ ಸತ್ತಳು. ನಾ ಎಲ್ಲಾ ಬಿಟ್ಟು ಬಂದೀನಿ..."

"ಹೋಗಂದ್ನೆಲ್ಲ!" ಎಂದು ಅವಳು ಚೀರಿದಳು. ಅವನ ಎದೆಯವರೆಗೂ ಕೈ ಒಯ್ದು, ಮುಟ್ಟದೆ ಹಿಂದೆ ತೆಗೆದಳು.

"ಇಳೀತಿಯೋ ಇಲ್ಲೋ ಮಾರಾಯಾ? ನನಗೂ ಮನಿ ಐತಿ" ಅಂದ ಕಂಡಕ್ಟರ್.

ನಾನು ಅವನ ಹಿಂದೆ ನಿಂತಿದ್ದೆ. ಹೇಳಬೇಕಾದ್ದು ದೊಡ್ಡದಿತ್ತು, ಎಲ್ಲಿಂದ ಸುರು ಮಾಡಬೇಕೆಂಬುದು ತಿಳಿಯಲಿಲ್ಲ. ಯಲ್ಲಪ್ಪ ತಲೆ ತಗ್ಗಿಸಿದ. "ಬರೋಬ್ಬರಿ ಐತಿ ಬಿಡು" ಅಂದ. ನನಗೆ ಇಳಿಯಲು ದಾರಿ ಕೊಟ್ಟು, ಟ್ರಂಕು ಹಿಡಿದುಕೊಂಡು ಒಳಗೆ ಹೋಗಿ ಕುಳಿತ. ಬಸ್ಸು ಮುಂದಿನ ಊರಿಗೆ ಹೊರಟಿತು.

ಇದನ್ನು ಕಸ್ತೂರೆವ್ವನಿಗೆ ಹೇಳಿದವಳು ನಾನೇ. ಅವಳು ಗೋಡೆ ಹಿಡಿದು ಎದ್ದು ಚಪ್ಪಲಿ ಹುಡುಕುತ್ತಿದ್ದಳು. ಅಷ್ಟರಲ್ಲಿ ಮಲ್ಲಕ್ಕನೇ ಒಳಗೆ ಬಂದಳು. ಅವಳ ಮುಖ ಅಷ್ಟು ಬೆಳ್ಳಗೆ, ಅಷ್ಟು ಹಗುರಾಗಿದ್ದುದನ್ನು ನಾನು ನೋಡಿರಲಿಲ್ಲ.

"ಬಂದಿದ್ದ, ಅಕ್ಕ. ಸಣ್ಣಗಾಗ್ಯಾನ, ಆದ್ರ ಬದುಕ್ಯಾನ. ನೀ ಮೊದಲ ಹೇಳದಿದ್ರ ನಾನ ಕೈ ಹಿಡದು ಇಳಿಸಿಕೊಂತಿದ್ನಿ. ನನ್ನ ಕೈಯಾಗ ಬೂದಿ ಆಗ್ತಿದ್ದ. ನಿನ್ನ ಋಣ ಹೆಂಗ ತೀರಿಸಲಿ?"

ಕಸ್ತೂರೆವ್ವ ಬಾಯಿ ತೆರೆದಳು. ಅವನು ಇಳಿದಿದ್ದರೆ ಏನೂ ಆಗುತ್ತಿರಲಿಲ್ಲ, ಇಂದು ನಿಮ್ಮ ಮನೆಯಲ್ಲಿ ಮೂವರು ಉಣ್ಣುತ್ತಿದ್ದಿರಿ ಎಂದು ಹೇಳಬೇಕಿತ್ತು. ಹೇಳಿದರೆ ಅವನನ್ನು ವಿನಾಕಾರಣ ಅಟ್ಟಿದವಳು ತಾನೇ ಎಂದು ಮಲ್ಲಕ್ಕನಿಗೆ ತಿಳಿಯುತ್ತಿತ್ತು.

"ಚಾ ಕುಡೀತಿಯೇನವಾ?" ಅಂದಳು.

"ಬ್ಯಾಡ, ಅತ್ತಿ ಒಬ್ಬಾಕಿ ಅದಾಳ."

ಮೀರಾಸಾಬ ಗೋವಾಕ್ಕೆ ಹೊರಟಾಗಲೆಲ್ಲ ಕಸ್ತೂರೆವ್ವ ಕುಂಟುತ್ತ ಹೋಗಿ, ಯಲ್ಲಪ್ಪ ಕಂಡರೆ ಹೀಗೆ ಹೀಗೆ ಎಂದು ತಿಳಿಸಿ ಹೇಳಲು ಕೇಳಿಕೊಳ್ಳುತ್ತಾಳೆ. ಈ ನಾಲ್ಕು ವರ್ಷದಲ್ಲಿ ಯಾರಿಗೂ ಅವನು ಕಂಡಿಲ್ಲ. ಮಲ್ಲಕ್ಕ ಈಗ ಬಸ್ಸಿನ ಹೊತ್ತಿಗೆ ಮನೆಯಿಂದ ಹೊರಗೆ ಬರುವುದಿಲ್ಲ. ತನ್ನನ್ನು ಕಂಡರೆ ಅವನು ಇಳಿದುಬಿಟ್ಟಾನು ಅನ್ನುತ್ತಾಳೆ.