ಹಿಂದಿನ ಸೀಟು ಕೂರಿಸಿದ ದಿನ

ನನ್ನ ಭಾವ ಕಾರು ಓಡಿಸುವುದನ್ನು ಕಲಿಸುವವರು. ಅಂದರೆ ಜೀವಮಾನವೆಲ್ಲ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಬೇರೆಯವರು ಮಾಡಿದ ತಪ್ಪಿಗೆ ತಾವು ಬ್ರೇಕ್ ಒತ್ತಿದವರು. ಅವರ ಹಳೆಯ ಕಾರಿನಲ್ಲಿ ಆ ಕಡೆಗೂ ಒಂದು ಬ್ರೇಕ್ ಇದೆ. ಅದನ್ನು ಒತ್ತಿ ಒತ್ತಿ ಅವರ ಕಾಲು ಮನೆಯಲ್ಲೂ ಸುಮ್ಮನಿರುವುದಿಲ್ಲ. ನಾನು ಸ್ವಲ್ಪ ಜೋರಾಗಿ ಮಾತಾಡಿದರೆ ಸಾಕು, ಊಟದ ಮೇಜಿನ ಕೆಳಗೆ ನೆಲ ಒತ್ತುತ್ತಾರೆ. ನಿನ್ನ ತಂಗಿಗೆ ಬ್ರೇಕೇ ಇಟ್ಟಿಲ್ಲ ಎಂದು ಅಕ್ಕನ ಹತ್ತಿರ ದೂರು ಬೇರೆ. ನನಗೆ ಅವರಿಟ್ಟ ಹೆಸರು ಮೆಣಸಿನಕಾಯಿ. ಇಟ್ಟುಕೊಳ್ಳಲಿ, ನಾನೇನೂ ಬೆಲ್ಲ ಅಂತ ಹೇಳಿಕೊಂಡವಳಲ್ಲ.

ಆದರೆ ಕಲಿಯಲು ಬಂದವರ ಮೇಲೆ ಅವರು ಒಮ್ಮೆಯೂ ದನಿ ಏರಿಸಿದ್ದಿಲ್ಲ. ಒಬ್ಬಾಕೆ ಕಾರನ್ನು ಹಿಂದಕ್ಕೆ ತೆಗೆಯುವಾಗ ನೇರ ಗೋಡೆಗೆ ಗುದ್ದಿದಳು. ಭಾವ ಇಳಿದು ನೋಡಿ, ಪರವಾಗಿಲ್ಲ, ಗೋಡೆ ಎಲ್ಲಿದೆ ಅಂತ ಗೊತ್ತಾಯಿತಲ್ಲ ಎಂದರಂತೆ. ಒಬ್ಬರು ಓಡಿಸುವಾಗ ಸರದಿಗೆ ಕಾಯುವ ಮಿಕ್ಕವರು ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಮುಂದೆ ಕೂತವರು ಕೈಯಿಂದ ಕಲಿತರೆ ಹಿಂದೆ ಕೂತವರು ಹೆದರಿಕೆಯಿಂದ ಕಲಿಯುತ್ತಿದ್ದರು. ಸೀಟಿನ ನಡುವೆ ಎದ್ದಿರುತ್ತಿದ್ದ, ಬೆಲ್ಟ್ ಸಿಕ್ಕಿಸುವ ಬಕಲ್‌ಗಳು ಸೊಂಟಕ್ಕೆ ಚುಚ್ಚುತ್ತವೆ ಎಂಬುದು ಅವರದೊಂದು ತಕರಾರು. ಹಿಂದೆ ಬೆಲ್ಟ್ ಹಾಕುವವರಾದರೂ ಯಾರಿದ್ದರು? ಭಾವ ಅವನ್ನು ಕುಶನ್ನಿನ ಅಡಿಗೆ ತೂರಿಸಿಬಿಟ್ಟರು. ತೊಳೆಯಲೆಂದು ಸೀಟು ಕಳಚಿ ಮತ್ತೆ ಕೂರಿಸುವಾಗಲೆಲ್ಲ ಮೊದಲು ಅವನ್ನು ಒಳಗೆ ತಳ್ಳುವುದು ಅವರ ಕೈಗೆ ರೂಢಿಯಾಗಿಹೋಯಿತು.

ಅಕ್ಕನ ಬೆನ್ನುಮೂಳೆಗೆ ರೋಗ ಬಂದಾಗ ಎಲ್ಲ ತಲೆಕೆಳಗಾಯಿತು. ಅವಳು ಮಲಗಬಲ್ಲಳು, ಕೂರಲಾರಳು. ಆಸ್ಪತ್ರೆ ಊರಿನ ಆ ತುದಿಗೆ. ಭಾವ ಹಿಂದಿನ ಕುಶನ್ ಕಳಚಿ, ಆ ಜಾಗಕ್ಕೆ ಹಲಗೆ ಹಾಕಿ, ಮೇಲೆ ಹಾಸಿಗೆ ಹಾಸಿದರು. ಎಲ್ಲರ ಹಾಗೆ ಆಂಬುಲೆನ್ಸ್ ಕರೆಸಬಾರದೇ ಎಂದು ನಾನು ರೇಗಿದ್ದಕ್ಕೆ, ಅವರಿಗೆ ಬ್ರೇಕ್ ಹಾಕೋದು ಗೊತ್ತಿಲ್ಲಮ್ಮ ಎಂದರು. ಕೂರಲು ಜಾಗವಿಲ್ಲದ ಕಾರಿನಲ್ಲಿ ಕಲಿಯಲು ಯಾರು ಬರುತ್ತಾರೆ? ಒಬ್ಬೊಬ್ಬರಾಗಿ ಪಕ್ಕದ ಬೀದಿಯ ಹೊಸ ಸ್ಕೂಲಿಗೆ ಹೋದರು. ಕಳಚಿದ ಕುಶನ್ ಮಲಗುವ ಕೋಣೆಯ ಕಪಾಟಿನ ಹಿಂದೆ ಗೋಡೆಗೆ ಒರಗಿ ನಿಂತಿತು.

ಆಸ್ಪತ್ರೆಗೆ ಹೋಗಿ ಬರುವಾಗ ಅಕ್ಕನಿಗೆ ಕಾಣುತ್ತಿದ್ದುದು ಕಾರಿನ ಚಾವಣಿ, ಕಿಟಕಿಯ ಮೇಲಂಚಿನಲ್ಲಿ ಲೈಟುಕಂಬಗಳ ತುದಿ, ಮೇಲಿನ ಮಹಡಿಗಳಲ್ಲಿ ಒಣಹಾಕಿದ ಬಟ್ಟೆ, ಅಷ್ಟೆ. ಈ ಊರಲ್ಲಿ ಇನ್ನೂ ಜನ ಇದ್ದಾರೋ ಅಥವಾ ಬಟ್ಟೆ ಒಣಹಾಕಿ ಎಲ್ಲರೂ ಊರು ಬಿಟ್ಟರೋ ಎಂದು ನಗಾಡುತ್ತಿದ್ದಳು. ಜನರೆಂದರೆ ಅವಳಿಗೆ ಪ್ರಾಣ. ಕಾಯಿಲೆ ಬೀಳುವ ಮುಂಚೆ ತರಕಾರಿ ತರಲು ಹೋದರೆ ದಾರಿಯಲ್ಲಿ ಕಂಡವರನ್ನೆಲ್ಲ ಮಾತಾಡಿಸಿಕೊಂಡು, ತರಕಾರಿ ಮರೆತು ಬರುತ್ತಿದ್ದಳು.

ಕೊನೆಗೊಂದು ದಿನ ಡಾಕ್ಟರು ಕೈ ಚೆಲ್ಲಿದರು. ಇನ್ನು ಇಲ್ಲಿಗೆ ಕರೆತಂದು ದಣಿಸಬೇಡಿ, ನೋವಿನ ಮಾತ್ರೆ ಮನೆಯಲ್ಲೇ ಕೊಡಿ ಎಂದರು. ಅದರ ಅರ್ಥ ಮೂವರಿಗೂ ಆಯಿತು. ಮನೆಗೆ ತಂದು ಮಲಗಿಸಿದ ಮೇಲೆ ಅಕ್ಕ ಗಂಡನ ಕೈ ಹಿಡಿದುಕೊಂಡಳು.

"ರೀ, ಆ ಸೀಟು ವಾಪಸ್ ಹಾಕಿ. ಒಂದೇ ಒಂದು ಸಲ ಕೂತ್ಕೊಂಡು ಹೋಗ್ಬೇಕು. ಜನರನ್ನ ನೋಡ್ಬೇಕು."

ಆಗದ ಮಾತು ಎಂದು ನನಗೆ ಅನಿಸಿತು. ಮಾತ್ರೆ ನುಂಗಿ, ಅದು ನೋವನ್ನು ಹಿಡಿದ ಮೇಲೆ, ಒಂದು ಲೋಟ ಚಹಾ ಆರುವಷ್ಟು ಹೊತ್ತು ಅವಳು ಕೂರಬಲ್ಲಳು. ಅದೂ ಯಾರಾದರೂ ಹಿಡಿದುಕೊಂಡರೆ, ಇಲ್ಲ ಕಟ್ಟಿ ಕೂರಿಸಿದರೆ. ಭಾವ ಮಾತ್ರ ಹೊಸದಾಗಿ ಕಲಿಯಲು ಬಂದವರಂತೆ ಹುರುಪಿನಲ್ಲಿದ್ದರು. ದಾರಿಯನ್ನೂ ಗೊತ್ತುಮಾಡಿದರು. ನಮ್ಮ ಬೀದಿ, ದರ್ಜಿಯ ಅಂಗಡಿ, ಶಾಲೆ, ಅಲ್ಲಿಂದ ತಿರುಗಿ ಮನೆ. ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಹೋದರೆ ಬೀದಿ ತುಂಬ ಜನ ಸಿಗುತ್ತಾರೆ ಎಂಬುದು ಅವರ ಲೆಕ್ಕಾಚಾರ.

ಮಾರನೆಯ ದಿನ ಊಟ ಮುಗಿಸಿ ಕೆಲಸಕ್ಕೆ ಇಳಿದರು. ಹಲಗೆ ಎತ್ತಿದರು, ಅದರಡಿ ಸೇರಿದ್ದ ಪೆನ್ನಿನ ಮುಚ್ಚಳ, ಹೇರ್‌ಪಿನ್ನು, ಯಾರದೋ ಬಾಚಣಿಗೆ ಎಲ್ಲ ಗುಡಿಸಿದರು, ಕುಶನ್ ತಂದು ಇಟ್ಟರು. ಅದನ್ನು ಕೂರಿಸುವ ಕ್ರಮ ಸುಲಭ. ಹಿಂದಿನ ಅಂಚನ್ನು ಒರಗುವ ಸೀಟಿನ ಕೆಳಗೆ ತೂರಿಸಬೇಕು, ಮುಂದಿನ ಅಂಚನ್ನು ಮಂಡಿಯಿಂದ ಒತ್ತಬೇಕು. ಒಳಗಿನ ಕಂಬಿ ಕ್ಲಿಪ್ಪಿಗೆ ಸಿಕ್ಕಿ ಟಕ್ ಅನ್ನುತ್ತದೆ. ಆದರೆ ಗೋಡೆಗೆ ಒರಗಿ ನಿಂತೂ ನಿಂತೂ ಅದರ ಕಂಬಿ ಸೊಟ್ಟಗಾಗಿತ್ತು. ಮುಂದೆ ಒತ್ತಿದರೆ ಹಿಂದೆ ಏಳುತ್ತಿತ್ತು. ಹಿಂದೆ ತಳ್ಳಿದರೆ ಮುಂದೆ ಜಿಗಿಯುತ್ತಿತ್ತು. ಭಾವ ಬೆವರಿ ನೀರಾದರು. ಕೊನೆಗೆ ನನ್ನನ್ನು ಕರೆದು, ಒಂದು ತುದಿಯ ಮೇಲೆ ಕೂತುಕೋ, ನಿನ್ನ ತೂಕ ಇವತ್ತಾದರೂ ಉಪಯೋಗಕ್ಕೆ ಬರಲಿ ಎಂದರು. ನಾನು ಕೂತೆ. ಅವರು ಬಾಗಿ ಬಕಲ್‌ಗಳನ್ನು ಒಳಕ್ಕೆ ತಳ್ಳಿ, ಮಂಡಿ ಊರಿ ಒತ್ತಿದರು. ಟಕ್ ಎಂದಿತು. ಇನ್ನೊಂದು ಕಡೆಯೂ ಟಕ್. ಅವರ ಕೈ ಏನು ಮಾಡಿತೆಂದು ಅವರಿಗೇ ತಿಳಿಯಲಿಲ್ಲ. ಪಕ್ಕದಲ್ಲೇ ಕೂತು ನೋಡುತ್ತಿದ್ದ ನನಗೂ ಹೊಳೆಯಲಿಲ್ಲ.

ಸದ್ದು ಕೇಳಿದ್ದೇ ತಡ, ನಾನು ಒಳಗೆ ಓಡಿ ಅಕ್ಕನಿಗೆ ಮಾತ್ರೆ ಕೊಟ್ಟೆ. ಅವಳು ಬೆಳಗ್ಗೆಯೇ ತಲೆ ಬಾಚಿಸಿಕೊಂಡಿದ್ದಳು, ಹಸಿರು ಸೀರೆ ಉಡಿಸಿಕೊಂಡಿದ್ದಳು. ಮಾತ್ರೆ ನೋವನ್ನು ಹಿಡಿಯುವವರೆಗೆ ಕಾದು, ಕುರ್ಚಿ ಸಮೇತ ಎತ್ತಿಕೊಂಡು ಬಂದು, ಇಬ್ಬರೂ ಸೇರಿ ಕಾರಿನೊಳಗೆ ಕೂರಿಸಿದೆವು. ಭಾವ ಬೆಲ್ಟ್ ಎಳೆದು ಅವಳ ಎದೆಯ ಮೇಲಿಂದ ತಂದು ಕೆಳಗೆ ಕೈಯಾಡಿಸಿದರು. ಮತ್ತೆ ಆಡಿಸಿದರು. ಆಮೇಲೆ ಕೈ ನಿಂತಿತು. ಸಿಕ್ಕಿಸಬೇಕಾದ ಬಕಲ್ ಅಕ್ಕ ಕೂತಿದ್ದ ಕುಶನ್ನಿನ ಅಡಿಯಲ್ಲಿತ್ತು.

ಓಡುವ ಕಾರಿನಲ್ಲಿ ನನ್ನ ಕೈಹಿಡಿತ ಸಾಲದು, ಬೆಲ್ಟಿಲ್ಲದೆ ಅವಳು ಕೂರಲಾರಳು, ಆಗಲೇ ಒಂದು ಕಡೆಗೆ ವಾಲುತ್ತಿದ್ದಳು. ಮತ್ತೆ ಕುರ್ಚಿಗೆ ಇಳಿಸಿದೆವು. ಒಳಗೆ ಮಲಗಿಸೋಣ ಎಂದರೆ ಅವಳು ಒಪ್ಪಲಿಲ್ಲ, ಮಲಗಿದರೆ ಇನ್ನು ಏಳಲಾರೆ ಎಂದಳು. ಗೇಟಿನ ಹತ್ತಿರ ಅವಳನ್ನು ನಾನು ಹಿಡಿದುಕೊಂಡು ನಿಂತೆ. ಕೂರಲು ಒಲ್ಲೆ ಎಂದಿದ್ದ ಸೀಟು ಈಗ ಏಳಲು ಒಲ್ಲೆ ಎಂದಿತು. ಭಾವ ಎಳೆದರು, ಸ್ಕ್ರೂಡ್ರೈವರ್ ಹಾಕಿ ಮೀಟಿದರು, ಮಂಡಿ ತರಚಿಕೊಂಡರು. ಗೋಡೆಗೆ ಗುದ್ದಿದವಳನ್ನೂ ಬಯ್ಯದ ಮನುಷ್ಯ ಸೀಟಿಗೆ ಮುಷ್ಟಿಯಿಂದ ಗುದ್ದಿದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ನಿಮಗೆ ಒಂದು ಕೆಲಸ ನೆಟ್ಟಗೆ ಬರುವುದಿಲ್ಲವೇ ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಅವರು ತಿರುಗಿ ನೋಡಲಿಲ್ಲ. ಅಕ್ಕ ಮಾತ್ರ, ನಿಧಾನವಾಗಿ ಮಾಡಿ, ನನಗೇನೂ ಆಗಿಲ್ಲ ಎನ್ನುತ್ತಲೇ ಇದ್ದಳು. ಅವಳ ತುಟಿ ಒಣಗಿ ಬೆಳ್ಳಗಾಗಿತ್ತು.

ಬಕಲ್‌ಗಳನ್ನು ಹೊರಗೆ ಎಳೆದು ಸೀಟು ಎರಡನೇ ಸಲ ಕೂರಿಸುವಷ್ಟರಲ್ಲಿ ಅವಳ ಶಕ್ತಿಯೆಲ್ಲ ಆ ಕುರ್ಚಿಯ ಮೇಲೆಯೇ ಮುಗಿದಿತ್ತು. ಇವತ್ತು ಬೇಡ, ನಾಳೆ ಹೋಗೋಣ ಎಂದೆ. ಅವಳು ನನ್ನ ಮುಖ ನೋಡಿದಳು.

"ನನಗೆ ನಾಳೆ ಅಂತ ಹೇಳಬೇಡ ಕಣೇ."

ಕೂರಿಸಿದೆವು. ಬೆಲ್ಟ್ ಬಿತ್ತು. ನಾನು ಪಕ್ಕದಲ್ಲಿ ಕೂತು ಅವಳ ತಲೆಗೆ ಹೆಗಲು ಕೊಟ್ಟೆ. ಕಾರು ಹೊರಟು ನಮ್ಮ ಬೀದಿಯ ತುದಿ ಮುಟ್ಟುವ ಮುಂಚೆಯೇ ಅಕ್ಕ ಕಣ್ಣು ಮುಚ್ಚಿದಳು. ಹಲ್ಲು ಕಚ್ಚಿಕೊಂಡಳು. ನಿಲ್ಲಿಸಿ ಎನ್ನಲು ನಾನು ಬಾಯಿ ತೆರೆದರೆ, ಅವಳ ಉಗುರು ನನ್ನ ಮಣಿಕಟ್ಟಿಗೆ ನಾಟಿತು. ಆಮೇಲೆ ದಾರಿಯುದ್ದಕ್ಕೂ ನಾನು ನೋಡಿದ್ದು ಅವಳ ಮುಖವನ್ನೇ.

ಮುಂದೆ ಕೂತ ಭಾವನಿಗೆ ಮಾತಿನ ಹುಚ್ಚು ಹಿಡಿದಿತ್ತು. ನೋಡು, ದರ್ಜಿ ಬಾಗಿಲಿಗೆ ಬಂದು ನಿಂತಿದ್ದಾನೆ, ನಿನ್ನನ್ನು ನೋಡಿ ಟೇಪು ಎತ್ತಿ ತೋರಿಸುತ್ತಿದ್ದಾನೆ. ನೋಡು, ಶಾಲೆ ಬಿಟ್ಟಿತು, ಎಷ್ಟು ಮಕ್ಕಳು. ಆ ಚಿಕ್ಕದು ನಿನಗೆ ಕೈ ಬೀಸುತ್ತಿದೆ ನೋಡು. ಹೀಗೆ ಒಂದೇ ಸಮನೆ. ಅಕ್ಕ ಕಣ್ಣು ತೆರೆಯದೆ ಎಲ್ಲದಕ್ಕೂ ಹ್ಞೂಂಗುಟ್ಟಿದಳು. ಬಾಯಿ ಮುಚ್ಚಿ ಒಮ್ಮೆ ಹಿಂದೆ ತಿರುಗಿ ನೋಡಬಾರದೇ ಈ ಮನುಷ್ಯ ಎಂದು ಒಳಗೊಳಗೇ ಬೈದುಕೊಂಡೆ.

ಮನೆ ಮುಟ್ಟಿ, ಅವಳನ್ನು ಮಲಗಿಸಿದಾಗ ಭಾವ ಕೇಳಿದರು, ನೋಡಿದೆಯಾ ಎಂದು. ಎಲ್ಲ ನೋಡಿದೆ, ಊರಲ್ಲಿ ಇಷ್ಟೊಂದು ಜನ ಇದ್ದಾರೆ ಅಂದುಕೊಂಡಿರಲಿಲ್ಲ ಎಂದಳು ಅಕ್ಕ. ಅವರು ತಲೆಯಾಡಿಸಿ ಹೊರಗೆ ಹೋದರು.

ನಿಜ ಹೇಳಿಯೇಬಿಡಬೇಕೆಂದು ನಾನೂ ಹಿಂದೆಯೇ ಹೋದೆ. ಅವರು ಕಾರಿನಲ್ಲಿ ಡ್ರೈವರ್ ಸೀಟಿನಲ್ಲೇ ಮತ್ತೆ ಕೂತಿದ್ದರು. ಕಿಟಕಿಗೆ ಬಾಗಿದವಳಿಗೆ ಒಳಗಿನ ಕನ್ನಡಿ ಕಂಡಿತು. ಹಿಂದಿನ ರಸ್ತೆಯನ್ನು ತೋರಿಸಬೇಕಾದ ಅದನ್ನು ಕೆಳಕ್ಕೆ ತಿರುಗಿಸಿದ್ದರು. ಅದರಲ್ಲಿ ಅಕ್ಕ ಕೂತಿದ್ದ ಜಾಗವಷ್ಟೇ ಇತ್ತು.

"ನಿಮಗೆ ಗೊತ್ತಿತ್ತಾ ಭಾವ?"

"ನಮ್ಮ ಬೀದಿ ದಾಟೋಕೆ ಮುಂಚೆನೇ."

"ಮತ್ತೆ ಅಷ್ಟೊಂದು ಮಾತು ಯಾಕೆ?"

"ನಾನು ಸುಮ್ಮನಾಗಿದ್ರೆ, ನನಗೆ ಗೊತ್ತಾಯ್ತು ಅಂತ ಅವಳಿಗೆ ಗೊತ್ತಾಗ್ತಿತ್ತಮ್ಮ."

ಆ ಮಗುವಾದರೂ ಕೈ ಬೀಸಿತಲ್ಲ ಎಂದೆ, ಏನೋ ಒಂದು ಹೇಳಬೇಕೆಂದು. ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು.

"ಸೀಟು ಹಾಕೋದ್ರಲ್ಲಿ ಹೊತ್ತು ಮೀರಿತ್ತು. ಶಾಲೆ ಬಿಟ್ಟು ಎಲ್ಲಾ ಮನೆಗೆ ಹೋಗಿದ್ರು. ದರ್ಜಿ ಅಂಗಡಿನೂ ಮುಚ್ಚಿತ್ತು. ಬೀದೀಲಿ ಯಾರೂ ಇರ್ಲಿಲ್ಲ."

ಒಳಗಿನಿಂದ ಅಕ್ಕ ನನ್ನನ್ನು ಕರೆದಳು. ಹೋದೆ. ಬಾಗಿಲು ಮುಂದಕ್ಕೆ ಮಾಡು ಎಂದು ಕೈಸನ್ನೆ ಮಾಡಿದಳು. ಹತ್ತಿರ ಕೂತೆ.

"ನಾನು ಕಣ್ಣು ಬಿಡೋಕೆ ಆಗ್ಲಿಲ್ಲ ಕಣೇ, ಅವರಿಗೆ ಹೇಳಬೇಡ. ನೀನು ನೋಡಿದ್ಯಲ್ಲ, ಆ ಮಗು ಹೇಗಿತ್ತು ಹೇಳು."

ಎರಡು ಜಡೆ ಹಾಕಿಕೊಂಡಿತ್ತು ಎಂದೆ. ನೀಲಿ ಚೀಲ, ಒಂದು ಕಾಲಿನ ಸಾಕ್ಸು ಜಾರಿತ್ತು, ಕಾರು ತಿರುಗುವವರೆಗೂ ಕೈ ಬೀಸುತ್ತಲೇ ಇತ್ತು ಎಂದೆ. ಅಕ್ಕ ಕಣ್ಣು ಮುಚ್ಚಿಕೊಂಡು, ಇನ್ನೂ ಯಾರ್ಯಾರಿದ್ದರು ಎಂದು ಕೇಳಿದಳು.