ಬಲಿಪೀಠದ ಕೆಳಗೆ ನಳಿನಿಯವರು

ಹಳೆಯ ಚರ್ಚುಗಳ ಜೀರ್ಣೋದ್ಧಾರದಲ್ಲಿ ಗೋಪುರಕ್ಕೂ ಬಣ್ಣದ ಗಾಜಿಗೂ ಸಲ್ಲುವ ಹೊಗಳಿಕೆ ನೆಲದಡಿಯ ತೊಲೆಗಳಿಗೆ ಸಲ್ಲುವುದಿಲ್ಲ. ಆ ತೊಲೆಗಳಿಗಾಗಿಯೇ ಮೂರು ದಶಕ ದುಡಿದ ಎಂಜಿನಿಯರ್ ಶ್ರೀಮತಿ ನಳಿನಿ ಗುರುಸಿದ್ದಪ್ಪನವರು ಅಮೆರಿಕದ ರೆಸ್ಟನ್ ಊರಿನ ತಮ್ಮ ಕಚೇರಿಯಿಂದ ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಮೈಸೂರಿನಲ್ಲಿ ಓದಿ, ವರ್ಜೀನಿಯಾದ ಸೇತುವೆಗಳಲ್ಲಿ ವೃತ್ತಿ ಆರಂಭಿಸಿದ ಅವರು ಚರ್ಚುಗಳ ಕೆಲಸಕ್ಕೆ ಬಂದದ್ದು ಆಕಸ್ಮಿಕವಾಗಿ, ಉಳಿದದ್ದು ಹಟದಿಂದ. ಹೊಸಬರು ಲೆಕ್ಕ ತಪ್ಪಿದರೆ ಅವರು ಗದರುತ್ತಿರಲಿಲ್ಲ. ಚಿತ್ರಾನ್ನದ ಡಬ್ಬಿ ಮುಂದಿಟ್ಟು ಮತ್ತೆ ಮಾಡಿಸುತ್ತಿದ್ದರು. ಲೆಕ್ಕ ಸರಿಯಾಗುವವರೆಗೆ ಡಬ್ಬಿಯ ಮುಚ್ಚಳ ಮಾತ್ರ ತೆರೆಯುತ್ತಿರಲಿಲ್ಲ.

೨೦೨೨ರಲ್ಲಿ ದಕ್ಷಿಣ ಕೆರೊಲಿನಾದ ಒಂದು ಸಣ್ಣ ಮರದ ಚರ್ಚಿನ ಕೆಲಸ ಬಂತು. ಪ್ರಧಾನ ಬಲಿಪೀಠದ ಕೆಳಗಿನ ತೊಲೆಗಳನ್ನು ಗೆದ್ದಲು ತಿಂದುಹಾಕಿತ್ತು. ಪೀಠವನ್ನು ಬಿಡಿಸಿ ಹೊರಗಿಟ್ಟು ನೆಲ ಸರಿಮಾಡೋಣವೆಂದ ಗುತ್ತಿಗೆದಾರ. ಆದರೆ ಅದರ ಮೇಲುಹಾಸು ಅಮೃತಶಿಲೆಯ ಒಂದೇ ಚಪ್ಪಡಿ, ನಡುವೆ ಕೂದಲೆಳೆಯಷ್ಟು ಬಿರುಕು ಬೇರೆ. ಎತ್ತಿದರೆ ಎರಡಾಗುವುದು ಖಚಿತ. ಆ ಕಲ್ಲಿನ ಮುಂದೆಯೇ ಮದುವೆಯಾಗಿ, ತಮ್ಮವರನ್ನು ಅಲ್ಲಿಂದಲೇ ಮಣ್ಣಿಗೆ ಕಳಿಸಿಕೊಟ್ಟ ಜನರಿಗೆ ಅದು ಒಡೆದರೆ ಚರ್ಚೇ ಒಡೆದಂತೆ. ಬಲಿಪೀಠ ಕದಲಕೂಡದು, ನಿಂತಲ್ಲೇ ಅದರಡಿಯ ನೆಲವನ್ನು ಬದಲಿಸಬೇಕೆಂದು ನಳಿನಿಯವರು ಪಟ್ಟು ಹಿಡಿದರು.

ನೆಲದಡಿಯ ಇಕ್ಕಟ್ಟಾದ ಸಂದಿಯಲ್ಲಿ, ಅರವತ್ತು ದಾಟಿದ ಅವರು ತೆವಳಲು ಸಿದ್ಧರಾದರು.

"ಆಂಟಿ, ಹಾವಿರತ್ತೆ ಒಳಗೆ, ಕ್ಯಾಮೆರಾ ಸೆಂಡ್ ಮಾಡೋಣ" ಎಂದು ಸಹೋದ್ಯೋಗಿ ಶ್ರೀಲತಾ ಗೋಗರೆದರು.

"ಕ್ಯಾಮೆರಾಗೆ ಮರ ಕುಟ್ಟಿ ನೋಡಕ್ಕೆ ಬರಲ್ಲ ಕಣೇ. ಫ್ಲ್ಯಾಶ್‌ಲೈಟ್ ಕೊಡು."

ಜಾಕ್‌ಗಳ ಮೇಲೆ ಭಾರ ಹೊರಿಸಿ ಒಂದೊಂದೇ ತೊಲೆ ಬದಲಿಸುವಷ್ಟರಲ್ಲಿ ಬೇಸಿಗೆ ಕಳೆಯಿತು. ಬಿರುಕು ಬೆಳೆಯಲಿಲ್ಲ.

ಆದರೂ ಆ ನೆಲದ ಮೇಲೆ ಕಾಲಿಡಲು ಜನಕ್ಕೆ ಧೈರ್ಯ ಬರಲಿಲ್ಲ. ಬಾಗಿಲು ತೆರೆದ ಭಾನುವಾರ ಎಲ್ಲರೂ ಹಿಂದಿನ ಬೆಂಚುಗಳಲ್ಲೇ ಗುಂಪುಗೂಡಿದರು. ಯಾರೂ ಮುಂದೆ ಬಾರದಿದ್ದರೆ ಪೀಠವನ್ನು ಕೀಳಿಸಿ ಹಗುರ ಮೇಜು ಇಡಿಸುವುದಾಗಿ ಚರ್ಚಿನ ಸಮಿತಿ ಮೊದಲೇ ಹೇಳಿತ್ತು. ಬಲಿಪೂಜೆಯ ಪ್ರಾರ್ಥನೆ ಮುಗಿಯುವವರೆಗೆ ತಾವು ಪೀಠದ ಕೆಳಗೇ ಇರುವುದಾಗಿ ಎಲ್ಲರಿಗೂ ತಿಳಿಸಿರೆಂದು ಪಾದ್ರಿಗಳಿಗೆ ಹೇಳಿ, ನಳಿನಿಯವರು ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಇದೆಲ್ಲ ಯಾಕೆ ಆಂಟಿ?" ಎಂದರು ಶ್ರೀಲತಾ.

"ಡ್ರಾಯಿಂಗ್‌ಗೆ ಸೈನ್ ಮಾಡಿರೋಳು ನಾನು ತಾನೇ?"

ಕತ್ತಲಲ್ಲಿ ಹೊಸ ತೊಲೆಗೆ ಅಂಗೈ ಒತ್ತಿ ಅವರು ಮಲಗಿದರು. ಲೆಕ್ಕದ ಮೇಲೆ ನಂಬಿಕೆಯಿತ್ತು. ಜನ ಬರುತ್ತಾರೆಂಬ ನಂಬಿಕೆಯಿರಲಿಲ್ಲ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕಡೆಗೆ ಒಂದು ಊರುಗೋಲಿನ ಸದ್ದು, ಅದರ ಹಿಂದೆ ಇನ್ನೊಬ್ಬರ ಹೆಜ್ಜೆ, ಆಮೇಲೆ ಎಣಿಸಲಾಗದಷ್ಟು. ತೊಲೆ ಅಲುಗಲಿಲ್ಲ. ನಳಿನಿಯವರು ಮಲಗಿದಲ್ಲೇ ಅತ್ತುಬಿಟ್ಟರು.

ಅವರಿಗೆ ಆಯಸ್ಸೂ ಆರೋಗ್ಯವೂ ತುಂಬಿರಲಿ, ನಿವೃತ್ತಿಯೆಂಬುದು ಕಾಗದದಲ್ಲೇ ಇರಲಿ, ಗೆದ್ದಲು ಹಿಡಿದ ಉಳಿದ ಚರ್ಚುಗಳಿಗೂ ಅವರ ಕೈ ತಾಗಲಿ. ಆ ಚರ್ಚಿನಲ್ಲಿ ಈಗ ಮುಂದಿನ ಬೆಂಚು ಬೇಕೆಂದರೆ ಬೇಗನೆ ಹೋಗಬೇಕು.