ಮೆಟ್ಟಿಲ ಮೇಲಿನ ಟಕ್

ಇವತ್ತು ಬೆಳಿಗ್ಗೆ ಕಪಾಟಿನ ತಳದಲ್ಲಿ ಹಳೆಯ ನೋವಿನ ಎಣ್ಣೆಯ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಅಮ್ಮ ಕೋಣೆಯೊಳಗೆ ಬಂದು ನಿಂತಂತಾಯಿತು. ಅವಳು ತೀರಿಹೋಗಿ ಆರು ವರ್ಷವಾಯಿತು, ನಿಜ. ಆದರೆ ಹೋದ ವರ್ಷವಿಡೀ ನಮ್ಮ ಈ ಮಲಾಡ್ ಬಿಲ್ಡಿಂಗಿನ ಮೆಟ್ಟಿಲಲ್ಲಿ ಅವಳು ನನ್ನ ಹಿಂದೆಯೇ ಹತ್ತಿ ಬರುತ್ತಿದ್ದಳು ಎಂದರೆ ನೀವು ನಗಬಾರದು.

ಬದುಕಿದ್ದಾಗ ಅಮ್ಮ ಈ ಮೆಟ್ಟಿಲು ಹತ್ತುವಾಗ ಹೆಜ್ಜೆಗೊಂದು ಟಕ್ ಸದ್ದು. ಕಾಲುಂಗುರದ್ದಿರಬೇಕು ಎಂದುಕೊಂಡಿದ್ದೆ. ಎರಡನೇ ಮಾಳಿಗೆಯಲ್ಲಿ ನಿಂತು, "ಸೊಂಟ ಹಿಡ್ಕೊಂಡಿತು ಮಾರಾಯ, ನೀನು ಹೋಗು, ನಾನು ಬರ್ತೇನೆ" ಅನ್ನುತ್ತಿದ್ದಳು. ಸಂಜೆ ಅವಳ ಬೆನ್ನಿಗೆ ಇದೇ ಎಣ್ಣೆ ತಿಕ್ಕುತ್ತಿದ್ದೆ. ವಯಸ್ಸಾಯಿತಲ್ಲ ಎಂದು ಬುದ್ಧಿ ಬೇರೆ ಹೇಳುತ್ತಿದ್ದೆ, ಮಹಾ ಬುದ್ಧಿವಂತ ನಾನು.

ಎರಡು ವರ್ಷದ ಹಿಂದೆ ಜೋಗೇಶ್ವರಿಯಲ್ಲಿ ಲೋಕಲ್ ರೈಲು ಇಳಿಯುವಾಗ ಕಾಲು ತಿರುಚಿ ಬಿದ್ದೆ. ಕಾಲಿನ ಬಾವು ಇಳಿಯಿತು, ಸೊಂಟದ ನೋವು ಉಳಿಯಿತು. ಡಾಕ್ಟರರ ಹತ್ತಿರ 'ಕಮರ್' ಎಂದೆ. ಸೊಂಟಕ್ಕೆ ನನಗೆ ಗೊತ್ತಿದ್ದ ಹಿಂದಿ ಅದೊಂದೇ. ಅವರು ಪಾಪ, ಬೆನ್ನಿನ ಎಕ್ಸ್‌ರೇ ತೆಗೆಸಿದರು, ಬೆನ್ನಿಗೆ ಬೆಲ್ಟು ಕಟ್ಟಿಸಿದರು. ಬೆನ್ನಿಗೇನೂ ಆಗಿರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಆ ಸದ್ದು ಶುರುವಾಯಿತು. ನಾನು ಹತ್ತಿದರೆ ಟಕ್, ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಹೆದರಿದೆ, ಯಾರಿಗೂ ಹೇಳಲಿಲ್ಲ. ಒಂದು ದಿನ ಬಾಯಿ ತಪ್ಪಿ, "ನಿಧಾನ ಬಾ ಅಮ್ಮ" ಎಂದುಬಿಟ್ಟೆ.

ಕೊನೆಗೆ ಫಿಸಿಯೋಥೆರಪಿಯ ಶಬಾನಾ ಸಿಕ್ಕಳು, ಹುಬ್ಬಳ್ಳಿಯವಳು. "ಬಾಯಿಲೆ ಹೇಳಬ್ಯಾಡ್ರಿ, ಕೈಲೆ ತೋರಸ್ರಿ" ಎಂದಳು. ಹೆಬ್ಬೆರಳು ಹಿಂದೆ, ನಾಲ್ಕು ಬೆರಳು ಮುಂದೆ ತೊಡೆಸಂದಿಗೆ, ಕೊಡ ತಬ್ಬಿ ಹಿಡಿದಂತೆ ಒತ್ತಿ ತೋರಿಸಿದೆ.

"ಇದು ಟೊಂಕ ಅಲ್ರೀ, ಚಪ್ಪಿ." ಮಲಗಿಸಿ, ಮೊಣಕಾಲು ಮಡಚಿ ಒಳಕ್ಕೆ ತಿರುಗಿಸಿದಳು. ಟಕ್. "ಕೇಳಿಸ್ತೇನ್ರಿ? ಕೀಲ ಸಡ್ಲ ಆಗೇತಿ."

ಎಂಆರ್‌ಐ ಕೂಡ ಅದನ್ನೇ ಹೇಳಿತು. ಬಿದ್ದಾಗ ಚಪ್ಪೆಯ, ಅಂದರೆ ತೊಡೆ ಬಂದು ಸೇರುವಲ್ಲಿನ, ಕೀಲಿನ ಲಿಗಮೆಂಟ್ ಹರಿದಿತ್ತು. ನನ್ನ ಹಿಂದೆ ಹತ್ತುತ್ತಿದ್ದದ್ದು ನನ್ನದೇ ಮೂಳೆ.

ಆದರೆ ಶಬಾನಾಗೆ ಕೈಯಲ್ಲಿ ತೋರಿಸಿದಾಗಲೇ ನನಗೆ ಬೇರೊಂದು ನೆನಪಾಗಿತ್ತು. ಎರಡನೇ ಮಾಳಿಗೆಯಲ್ಲಿ ಅಮ್ಮ ನಿಲ್ಲುತ್ತಿದ್ದದ್ದೂ ಹೀಗೇ, ಇಲ್ಲದ ಕೊಡವನ್ನು ತಬ್ಬಿಕೊಂಡು. ಅವಳ ಕೈ ವರ್ಷಗಟ್ಟಲೆ ಜಾಗ ತೋರಿಸುತ್ತಲೇ ಇತ್ತು. ನಾನು ಸೊಂಟ ಎಂಬ ಮಾತನ್ನಷ್ಟೇ ಕೇಳಿ ಬೆನ್ನು ತಿಕ್ಕಿದೆ. ಈ ಸಂಕಟಕ್ಕೆ ಯಾವ ಎಣ್ಣೆಯೂ ಇಲ್ಲ.

ಐದು ತಿಂಗಳು ಮೊಣಕಾಲಿಗೆ ರಬ್ಬರ್ ಪಟ್ಟಿ ಕಟ್ಟಿಕೊಂಡು ಶಬಾನಾ ಹೇಳಿದಂತೆ ಕಾಲೆತ್ತಿದೆ, ಇಳಿಸಿದೆ. ನೋವು ಹೋಯಿತು. ಸದ್ದೂ ಹೋಯಿತು.

ಬಾಟಲಿ ಎಸೆಯಲೆಂದು ಈಗ ಕೆಳಗೆ ಹೋದವನು ಅದನ್ನು ಹಿಡಿದುಕೊಂಡೇ ವಾಪಸು ಬಂದೆ. ಎರಡನೇ ಮಾಳಿಗೆಯಲ್ಲಿ ಕಾಲು ತಾನಾಗಿ ನಿಂತಿತು. "ನಿಧಾನ ಬಾ ಅಮ್ಮ" ಎಂದೆ. ಯಾವ ಸದ್ದೂ ಬರಲಿಲ್ಲ. ಆದರೂ ಗೋಡೆಗೆ ಒತ್ತಿಕೊಂಡು, ಒಬ್ಬರು ಹಾದುಹೋಗುವಷ್ಟು ಜಾಗ ಬಿಟ್ಟು ನಿಂತೆ.